ಅಮ್ಮನಿಗೆ ಮೂರು ಸಲ ‘ಹೂಂ’ ಅಂದೆ, ಯಾವುದಕ್ಕೆ ಅಂತ ಗೊತ್ತಿಲ್ಲ. ಫೋನ್ ಚಟ ಬಿಟ್ಟವರು ಯಾರಾದರೂ ಇದ್ದೀರಾ?

ಮೂರನೇ ಮಹಡಿ · ಭಾನುವಾರ, ರಾತ್ರಿ 10:20

ಬರೆಯಲು ಸ್ವಲ್ಪ ನಾಚಿಕೆ. ಆದರೂ ಬರೆಯುತ್ತೇನೆ.

2024ರ ಮಾರ್ಚ್ ನೆನಪಿದೆ ಅಲ್ವಾ? ಬೆಂಗಳೂರಿಗೆ ನೀರಿಲ್ಲದ ಬೇಸಿಗೆ. ನಮ್ಮದು ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್. ಬೋರ್‌ವೆಲ್ ಬತ್ತಿತ್ತು. ಇಡೀ ಕಟ್ಟಡ ಟ್ಯಾಂಕರ್ ನಂಬಿಕೊಂಡು ಕೂತಿತ್ತು. ವಾಟ್ಸಾಪ್ ಗುಂಪಿನಲ್ಲಿ ‘ಟ್ಯಾಂಕರ್ ಹೊರಟಿದೆ’, ‘ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದೆ’, ‘ಸಂಪ್‌ಗೆ ಬಿಡುತ್ತಿದ್ದಾರೆ, 7ರಿಂದ 7:40ರವರೆಗೆ ನೀರು’ ಅಂತ ಬರುತ್ತಿತ್ತು. ಅದನ್ನು ನೋಡದಿದ್ದರೆ ಅವತ್ತು ಸ್ನಾನ ಇಲ್ಲ. ಹಾಗಾಗಿ ಫೋನ್ ಸದಾ ಕೈಯಲ್ಲೇ. ಬಚ್ಚಲಿಗೂ ಒಯ್ದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಮಳೆ ಬಂತು. ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತವೂ ಶುರುವಾಯಿತು. ನೀರಿನ ಚಿಂತೆ ಹೋಯಿತು, ಚಟ ಉಳಿಯಿತು.

ಈಗ ಅದೇ ಗುಂಪಿನಲ್ಲಿ ಬರುವುದು ಯಾರ ಕಾರು ಯಾರ ಜಾಗದಲ್ಲಿ ನಿಂತಿದೆ, ಲಿಫ್ಟಿನಲ್ಲಿ ಯಾರ ನಾಯಿ ಏನು ಮಾಡಿತು ಅನ್ನುವುದು ಅಷ್ಟೇ. ಆದರೂ ನೋಡುತ್ತೇನೆ. ಅಲ್ಲಿಂದ ನ್ಯೂಸ್. ನ್ಯೂಸ್‌ನಿಂದ ಕ್ರಿಕೆಟ್ ಸ್ಕೋರ್. ಅಲ್ಲಿಂದ ರೀಲ್ಸ್. ಒಂದು ಸುತ್ತು ಹೊಡೆದು ಮತ್ತೆ ಗುಂಪಿಗೆ. ಸೆಟ್ಟಿಂಗ್ಸ್‌ಗೆ ಹೋಗಿ ಲೆಕ್ಕ ನೋಡಿದೆ. ನಿನ್ನೆ ಶನಿವಾರ 5 ಗಂಟೆ 40 ನಿಮಿಷ. ಲಾಕ್ ತೆಗೆದದ್ದು 163 ಸಲ. ಮನೆ ಬಾಗಿಲಿನ ಬೀಗ ತಿಂಗಳಿಗೂ ಅಷ್ಟು ಸಲ ತೆಗೆಯುವುದಿಲ್ಲ.

ಊರಿಂದ ಅಮ್ಮ ಬಂದಿದ್ದರು. ಗುಬ್ಬಿ ಹತ್ತಿರ ನಮ್ಮೂರು. ನಿನ್ನೆ ರಾತ್ರಿ ಅಕ್ಕಿರೊಟ್ಟಿ ತಟ್ಟುತ್ತಾ ಏನೋ ಹೇಳುತ್ತಿದ್ದರು. ಹಿತ್ತಲ ವಿಷಯ ಇರಬೇಕು. ನಾನು ‘ಹೂಂ’ ಅಂದೆ. ಆಮೇಲೆ ಇನ್ನೊಂದು ‘ಹೂಂ’. ಮೂರನೇ ‘ಹೂಂ’ಗೆ ಅವರು ‘ಸರಿ ಹಾಗಾದರೆ’ ಅಂದು ರೊಟ್ಟಿ ಮಗುಚಿದರು. ಯಾವುದಕ್ಕೆ ಸರಿ? ಕೇಳಲು ಮುಖ ಇರಲಿಲ್ಲ. ಇವತ್ತು ಬೆಳಿಗ್ಗೆ ಬಸ್ ಹತ್ತಿಸಿ ಬಂದೆ.

ಆ್ಯಪ್‌ಗಳನ್ನು ಮೂರು ಸಲ ತೆಗೆದುಹಾಕಿ ಮೂರು ಸಲ ವಾಪಸ್ ಹಾಕಿಕೊಂಡಿದ್ದೇನೆ. ಫೋನ್ ಪೂರ್ತಿ ಬಿಡುವ ಹಾಗಿಲ್ಲ. ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು, ರಾತ್ರಿ ಕರೆ ಬಂದರೆ ಎದ್ದು ಕೂರಬೇಕು. ಬಿಟ್ಟವರು ಹೇಗೆ ಬಿಟ್ಟಿರಿ?

ಗಟ್ಟಿ ಚಟ್ನಿ · 10:24

ಬೀರುವಿನಲ್ಲಿಟ್ಟು ಬೀಗ ಹಾಕಿ. ಮುಗೀತು. ಇದಕ್ಕೆ ಇಷ್ಟುದ್ದ ಬರೆಯಬೇಕಾ?

ಮೂರನೇ ಮಹಡಿ · 10:26

ಸರ್, ನಾನು ಬರೆದು ನಾಲ್ಕು ನಿಮಿಷಕ್ಕೆ ನಿಮ್ಮ ಉತ್ತರ ಬಂದಿದೆ. ನಿಮ್ಮ ಬೀರುವಿನ ಬೀಗ ಸರಿ ಇದೆಯಾ?

ಗಟ್ಟಿ ಚಟ್ನಿ · 10:27

😐

ಹಳೇ ಪಾಪಿ · ಸೋಮವಾರ, ಬೆಳಿಗ್ಗೆ 7:05

ಮೂರನೇ ಮಹಡಿಯವರೇ, ಪೂರ್ತಿ ತಪ್ಪು ನಿಮ್ಮದಲ್ಲ. ಸ್ವಲ್ಪ ನನ್ನದೂ ಇದೆ.

ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಆರು ವರ್ಷ ನೋಟಿಫಿಕೇಶನ್ ತಂಡದಲ್ಲಿದ್ದೆ. ಕಂಪನಿ ಹೆಸರು ಬೇಡ. ಯಾರಿಗೆ ಯಾವ ಹೊತ್ತಿನಲ್ಲಿ ಕಳಿಸಿದರೆ ತೆರೆಯುತ್ತಾರೆ, ಇದೇ ನಮ್ಮ ಕೆಲಸ. ನೀವು ದಿನಾ ರಾತ್ರಿ ಊಟ ಆದ ಮೇಲೆ ಆ್ಯಪ್ ತೆರೆಯುತ್ತೀರಿ ಅಂತಿಟ್ಟುಕೊಳ್ಳಿ. ನಿಮಗೆ ಸಂದೇಶ ಬರುವುದು ಸರಿಯಾಗಿ ಆಗಲೇ. ನಾಲ್ಕು ದಿನ ಬರದಿದ್ದವರಿಗೆ ‘ನೀವಿಲ್ಲದೆ ಬೇಜಾರಾಗಿದೆ’ ಅಂತ ಕಳಿಸುತ್ತಿದ್ದೆವು. ಯಾರಿಗೂ ಬೇಜಾರಾಗಿರಲಿಲ್ಲ. ರಾತ್ರಿ ಒಂದು ಪ್ರೋಗ್ರಾಂ ಓಡುತ್ತಿತ್ತು, ಅಷ್ಟೇ.

ಇದರ ಬೇರು ಹಳೆಯದು. ಅಮೆರಿಕದಲ್ಲಿ ಸ್ಕಿನ್ನರ್ ಅಂತ ಮನಶ್ಶಾಸ್ತ್ರಜ್ಞ ಇದ್ದರು. ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದರು. ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುತ್ತದೆ. ಪ್ರತಿ ಸಲವೂ ಬಿದ್ದರೆ ಹಕ್ಕಿ ನಿಧಾನವಾಗಿರುತ್ತದೆ. ಯಾವಾಗ ಬೀಳುತ್ತದೋ ಗೊತ್ತಿಲ್ಲದ ಹಾಗೆ ಮಾಡಿದರೆ ಒಂದೇ ಸಮನೆ ಕುಕ್ಕುತ್ತದೆ. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ನಿಮ್ಮ ಟ್ಯಾಂಕರ್ ಕಥೆ ಓದಿದಾಗ ನನಗೆ ನೆನಪಾದದ್ದು ಇದೇ. ಒಂದೊಂದು ಸಲ ನೀರು ಬಂತು, ಒಂದೊಂದು ಸಲ ಬರಲಿಲ್ಲ. ಈಗ ಕಾಳಿಲ್ಲ, ನೀವು ಕುಕ್ಕುತ್ತಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ.

ಪರದೆ ಕೆಳಗೆ ಎಳೆದರೆ ಹೊಸದು ಬರುತ್ತದಲ್ಲ, ಅದನ್ನು ಮೊದಲು ತಂದದ್ದು ಟ್ವೀಟಿ ಅನ್ನುವ ಆ್ಯಪ್, ಲೊರೆನ್ ಬ್ರಿಕ್ಟರ್ ಮಾಡಿದ್ದು. ಕೊನೆಯೇ ಇಲ್ಲದೆ ಇಳಿಯುತ್ತಾ ಹೋಗುವ ಪುಟ 2006ರಲ್ಲಿ ಏಝಾ ರಾಸ್ಕಿನ್ ಅವರ ತಲೆಯಿಂದ ಬಂದದ್ದು. ಅದಕ್ಕೆ ಮುಂಚೆ ಪುಟದ ಕೆಳಗೆ ‘ಮುಂದಿನ ಪುಟ’ ಅಂತ ಇರುತ್ತಿತ್ತು. ಅಲ್ಲಿ ಒಂದು ಕ್ಷಣ ಕೈ ನಿಲ್ಲುತ್ತಿತ್ತು. ಆ ಕ್ಷಣ ಹೋಯಿತು. ಅವರೇ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಅವರ ಮಟ್ಟಕ್ಕೆ ಅವರು ಪಟ್ಟರು, ನನ್ನ ಮಟ್ಟಕ್ಕೆ ನಾನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಬರುವ ಒಂದು ಮಾತು. ಯೂಟ್ಯೂಬ್‌ನಲ್ಲಿ ನೋಡಿದ್ದರ ದಾಖಲೆಯನ್ನು ನಿಲ್ಲಿಸಿ, ಹಳೆಯದನ್ನೂ ಅಳಿಸಿಬಿಡಿ. 2023ರ ಆಗಸ್ಟ್‌ನಿಂದ ಹಾಗೆ ಮಾಡಿದವರಿಗೆ ಮೊದಲ ಪುಟ ಖಾಲಿ ಕಾಣುತ್ತದೆ. ಏನು ಬೇಕೋ ನೀವೇ ಹುಡುಕಬೇಕು. ನನಗಂತೂ ತೆರೆದ ಮೇಲೆ ‘ಯಾಕೆ ತೆರೆದೆ?’ ಅಂತ ನೆನಪೇ ಆಗುತ್ತಿರಲಿಲ್ಲ. ಸುಮ್ನೆ ಮುಚ್ಚುತ್ತಿದ್ದೆ.

ಪರ್ಪಲ್ ಲೈನ್ · ಸೋಮವಾರ, ಬೆಳಿಗ್ಗೆ 9:12

ಎಳೆಯುವುದರ ಬಗ್ಗೆ ಹೇಳಿದ್ದು ಓದಿ ನಗು ಬಂತು. ನಾನು ವಿಜಯನಗರದಿಂದ ಎಂ.ಜಿ. ರಸ್ತೆಗೆ ದಿನಾ ಮೆಟ್ರೋ. ಮಾಗಡಿ ರಸ್ತೆ ದಾಟಿದ ಮೇಲೆ ರೈಲು ನೆಲದೊಳಕ್ಕೆ ಇಳಿಯುತ್ತದೆ. ಮೆಜೆಸ್ಟಿಕ್, ವಿಧಾನಸೌಧ, ಕಬ್ಬನ್ ಪಾರ್ಕ್ ಎಲ್ಲ ಸುರಂಗದಲ್ಲೇ. ನನ್ನ ಸಿಮ್‌ಗೆ ಅಲ್ಲಿ ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತದೆ. ಎರಡು ವರ್ಷದಿಂದ ಗೊತ್ತು. ಆದರೂ ಸುರಂಗ ಪೂರ್ತಿ ಪರದೆ ಎಳೆಯುತ್ತಲೇ ಇರುತ್ತೇನೆ. ಚಕ್ರ ತಿರುಗುತ್ತದೆ, ಏನೂ ಬರುವುದಿಲ್ಲ, ಮತ್ತೆ ಎಳೆಯುತ್ತೇನೆ. ಒಂದು ದಿನ ಕತ್ತಲ ಕಿಟಕಿಯಲ್ಲಿ ನನ್ನದೇ ಮುಖ ಕಂಡಿತು. ಪಕ್ಕದಲ್ಲಿ ನಿಂತ ಇನ್ನೊಬ್ಬರ ಹೆಬ್ಬೆರಳೂ ಅದೇ ಲಯದಲ್ಲಿ ಆಡುತ್ತಿತ್ತು.

ಅವತ್ತಿಂದ ಮಾಗಡಿ ರಸ್ತೆ ಬಂದ ತಕ್ಷಣ ಫೋನ್ ಬ್ಯಾಗಿಗೆ. ಬೇರೆ ನಿಯಮ ಯಾವುದೂ ಇಲ್ಲ. ಸುರಂಗದಲ್ಲಿ ಮಾತ್ರ ಇಲ್ಲ. ಮೊದಲ ವಾರ ಕೈ ಎಲ್ಲಿಡಬೇಕು ಅಂತಲೇ ತಿಳಿಯಲಿಲ್ಲ. ಈಗ ಅಲ್ಲಿ ಪುಸ್ತಕ ಓದುತ್ತೇನೆ. ದಿನಕ್ಕೆ ಆರೇಳು ಪುಟ ಆಗುತ್ತದೆ, ಕಮ್ಮಿ ಏನಲ್ಲ. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕ್‌ನಲ್ಲಿ ಜನ ಚಾಪೆ ಹಾಸಿಕೊಂಡು ಮಾತಾಡದೆ ಓದುತ್ತಾರಲ್ಲ, ಕಬ್ಬನ್ ರೀಡ್ಸ್, ಅಲ್ಲಿಗೂ ಎರಡು ಸಲ ಹೋಗಿದ್ದೆ. ಚೆನ್ನಾಗಿತ್ತು.

ಗಟ್ಟಿ ಚಟ್ನಿ · 9:14

ಅಲ್ಲಿ ಓದುವವರಿಗಿಂತ ಪುಸ್ತಕದ ಫೋಟೊ ತೆಗೆದು ಸ್ಟೇಟಸ್ ಹಾಕುವವರೇ ಜಾಸ್ತಿ.

ಪರ್ಪಲ್ ಲೈನ್ · 9:15

ನಾನೂ ಹಾಕಿದ್ದೆ 🙈 ಆಮೇಲೆ ಯಾರು ನೋಡಿದರು ಅಂತ ಹತ್ತು ಸಲ ನೋಡಿದೆ. ಎರಡನೇ ಸಲ ಹೋದಾಗ ಹಾಕಲಿಲ್ಲ.

ಕಾಂಡಿಮೆಂಟ್ಸ್ ಶೆಟ್ಟರು · ಸೋಮವಾರ, ಮಧ್ಯಾಹ್ನ 2:40

ಅಂಗಡಿಯಲ್ಲಿ ಈಗ ಗಿರಾಕಿ ಇಲ್ಲ, ಬರೆಯುತ್ತೇನೆ. ನಮ್ಮದು ಹನುಮಂತನಗರ. ಮಗಳು ಟೈಪ್ ಮಾಡುವುದು ಹೇಳಿಕೊಟ್ಟಿದ್ದಾಳೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಚಟ ಬಿಡಲು ಹೋಗಿ ಬಿಟ್ಟವನಲ್ಲ. ತಾನಾಗೇ ಬಿಟ್ಟಿತು. ಹೇಗೆ ಅಂತ ಕೇಳಿ.

ಮೊದಲೆಲ್ಲ ಚಿಲ್ಲರೆ ಕೊಡುತ್ತಿದ್ದರು. ಆಮೇಲೆ ಎಲ್ಲರೂ ಫೋನಿನಲ್ಲಿ ದುಡ್ಡು ಕಳಿಸಲು ಶುರು ಮಾಡಿದರು. ಹತ್ತು ರೂಪಾಯಿ ಬನ್‌ಗೂ ಸ್ಕ್ಯಾನ್. ಕೆಲವು ಹುಡುಗರು ‘ಕಳಿಸಿದ್ದೀನಿ ಅಂಕಲ್’ ಅಂತ ಪರದೆ ತೋರಿಸಿ ಹೋಗುತ್ತಿದ್ದರು, ನೋಡಿದರೆ ದುಡ್ಡೇ ಬಂದಿರುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲ ಫೋನ್ ತೆಗೆದು ನೋಡಬೇಕಿತ್ತು. ದಿನಕ್ಕೆ ಇನ್ನೂರು ಗಿರಾಕಿ ಅಂದರೆ ಇನ್ನೂರು ಸಲ. ಒಂದು ಸಲ ತೆಗೆದರೆ ಬರೀ ದುಡ್ಡು ನೋಡಿ ಇಡುತ್ತೇನಾ? ಬಾವಮೈದ ಏನೋ ವಿಡಿಯೊ ಕಳಿಸಿರುತ್ತಾನೆ. ಅದು ನೋಡಿದೆ, ಅದರ ಕೆಳಗಿನದು ನೋಡಿದೆ. ಗಿರಾಕಿ ಎದುರಿಗೆ ನಿಂತು ‘ಶೆಟ್ಟರೇ, ನಿಪ್ಪಟ್ಟು’ ಅಂತ ಎರಡು ಸಲ ಕೂಗಬೇಕು.

ಆಮೇಲೆ ಆ ಡಬ್ಬ ತಂದಿಟ್ಟರು. ದುಡ್ಡು ಬಂದರೆ ಕನ್ನಡದಲ್ಲೇ ಕೂಗಿ ಹೇಳುವ ಡಬ್ಬ. ಅದು ಕೂಗಿತು, ನಾನು ಪೊಟ್ಟಣ ಕೊಟ್ಟೆ. ಅದು ಕೂಗಲಿಲ್ಲ, ‘ಇನ್ನೊಂದು ಸಲ ನೋಡಪ್ಪ’ ಅಂದೆ. ಫೋನ್ ಗಲ್ಲಾಪೆಟ್ಟಿಗೆಯ ಪಕ್ಕ ಮಲಗಿತು. ತಿಂಗಳಾದ ಮೇಲೆ ನೋಡಿದರೆ ಮಧ್ಯಾಹ್ನದ ಹೊತ್ತಿನಲ್ಲಿ ಮತ್ತೆ ಪೇಪರಿನ ಪದಬಂಧ ಬಿಡಿಸುತ್ತಿದ್ದೆ. ಹತ್ತು ವರ್ಷ ಆಗಿತ್ತು ಅದನ್ನು ಮುಟ್ಟಿ.

ನಿಮಗೆ ಹೇಳುವುದಿಷ್ಟೇ. ನಿಮ್ಮ ನೀರಿನ ಸಮಾಚಾರಕ್ಕೂ ಒಂದು ಡಬ್ಬ ಹುಡುಕಿಕೊಳ್ಳಿ. ಕೂಗಿ ಹೇಳುವಂಥದ್ದು. ನೋಡಲು ಹೋದರೆ ಬರೀ ಅದನ್ನೇ ನೋಡಿ ಬರುವುದಕ್ಕಾಗಲ್ಲ.

ಇನ್ನೊಂದು. ಅಮ್ಮನಿಗೆ ಫೋನ್ ಮಾಡಿ ಕೇಳಿದಿರಾ, ಯಾವುದಕ್ಕೆ ಹೂಂ ಅಂದದ್ದು ಅಂತ?

ಮೂರನೇ ಮಹಡಿ · 2:51

ಇಲ್ಲ ಶೆಟ್ಟರೇ. ಮಾಡುತ್ತೇನೆ. ಡಬ್ಬದ ವಿಷಯ ತಲೆಯಲ್ಲಿ ಕೂತಿತು.

ಹಳೇ ಪಾಪಿ · 3:30

ಆರು ವರ್ಷದಲ್ಲಿ ನಮ್ಮ ಮೀಟಿಂಗ್‌ಗಳಲ್ಲಿ ಯಾರೂ ಇಷ್ಟು ನೇರವಾಗಿ ಹೇಳಿದ್ದಿಲ್ಲ. ಬೇಕಾದ ಸುದ್ದಿ ಕಿವಿಗೆ ಬಂದರೆ ಕಣ್ಣು ಪರದೆಗೆ ಹೋಗುವುದಿಲ್ಲ. ಕಣ್ಣು ಹೋದರೆ ಮಾತ್ರ ನಮಗೆ ಸಂಬಳ.

ಎರಡನೇ ಬೆಂಚು · ಸೋಮವಾರ, ರಾತ್ರಿ 9:48

ಇಲ್ಲಿ ಎಲ್ಲರೂ ತಮಾಷೆಯಾಗಿ ಬರೆದಿದ್ದೀರಿ. ನನ್ನ ಮಗನ ವಿಷಯ ಅಷ್ಟು ತಮಾಷೆ ಇರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ಬೇರೆಯವರ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದೆ. ಲಾಕ್‌ಡೌನ್‌ನಲ್ಲಿ ಪಾಠಕ್ಕೆ ಅಂತ ಕೊಟ್ಟ ಫೋನ್ ಮಗನ ಕೈಯಲ್ಲೇ ಉಳಿಯಿತು. ಮೊದಮೊದಲು ಆಟ. ಪಿಯುಸಿಗೆ ಬರುವ ಹೊತ್ತಿಗೆ ಬೆಳಗಿನ ಜಾವ ನಾಲ್ಕಕ್ಕೆ ಮಲಗುತ್ತಿದ್ದ. ಊಟ ಕೋಣೆಗೇ ಹೋಗಬೇಕು. ಫೋನ್ ಕಿತ್ತುಕೊಂಡ ದಿನ ಬಾಗಿಲಿಗೆ ಗುದ್ದಿ ಕೈ ಮುರಿದುಕೊಂಡ.

ಆಗ ಆಪ್ತಸಲಹೆಗಾರರೊಬ್ಬರ ಹತ್ತಿರ ಹೋದೆವು. ದಿನಕ್ಕೆ ಎಷ್ಟು ಗಂಟೆ ನೋಡುತ್ತಾನೆ ಅಂತ ನಾನು ಬರೆದುಕೊಂಡು ಹೋಗಿದ್ದೆ. ಅವರು ಆ ಹಾಳೆ ಪಕ್ಕಕ್ಕಿಟ್ಟರು. ನಿದ್ದೆ ಹೇಗಿದೆ, ಯಾರ ಜೊತೆ ಮಾತಾಡುತ್ತಾನೆ, ಮೊದಲು ಇಷ್ಟಪಡುತ್ತಿದ್ದ ಯಾವುದನ್ನು ಬಿಟ್ಟಿದ್ದಾನೆ, ಇದನ್ನೇ ಕೇಳಿದರು. ನನಗೆ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಮಗ ಹೇಳಿದ, ‘ಕೇರಂ’ ಅಂತ. ಅವನಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಯಾರೂ ಕೇರಂ ಬೋರ್ಡ್ ಕೆಳಗಿಳಿಸಿರಲಿಲ್ಲ.

ಫೋನ್ ಪೂರ್ತಿ ಕಿತ್ತುಕೊಳ್ಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಮೂವರ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ. ನನ್ನದು, ನಮ್ಮತ್ತೆಯದು, ಅವನದು. ನನ್ನದೂ ಇಡಬೇಕು ಅಂದಾಗಲೇ ಅವನು ಒಪ್ಪಿದ್ದು. ಒಂದೂವರೆ ವರ್ಷ ಹಿಡಿಯಿತು. ಮಧ್ಯೆ ಎರಡು ಸಲ ಮೊದಲಿನ ಹಾಗೇ ಆಯಿತು.

ಗೊತ್ತಿರಲಿ ಅಂತ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿರುವುದು ಆಟದ ಚಟವನ್ನು. 2019ರಲ್ಲಿ ಒಪ್ಪಿದರು, 2022ರಿಂದ ಜಾರಿ. ರೀಲ್ಸ್ ನೋಡುವುದು ಹಾಗೆ ಬೇರೆ ಕಾಯಿಲೆ ಅಂತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಮಗೆ ನಾವೇ ರೋಗದ ಹೆಸರು ಇಟ್ಟುಕೊಂಡು ಹೆದರುವುದು ಬೇಡ. ಆದರೆ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಸುಮ್ನೆ ಕೂರಲೂ ಬೇಡಿ. ನಿಮ್ಹಾನ್ಸ್‌ನವರು 2014ರಲ್ಲೇ ಇದಕ್ಕೆ ಅಂತ ‘ಶಟ್’ ಕ್ಲಿನಿಕ್ ಶುರು ಮಾಡಿದರು. ಅಷ್ಟು ದೂರ ಹೋಗಲು ಸಂಕೋಚ ಇದ್ದರೆ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಗಟ್ಟಿ ಚಟ್ನಿ · ಸೋಮವಾರ, ರಾತ್ರಿ 11:36

ಮೇಡಂ ಬರೆದದ್ದು ಓದಿದ ಮೇಲೆ ಮೊದಲು ಹಾಗೆ ಬರೆದದ್ದಕ್ಕೆ ಬೇಜಾರಾಯಿತು.

ನಿಜ ಹೇಳುತ್ತೇನೆ. ಬೀರುವಿನಲ್ಲಿ ಇಡುವುದನ್ನು ನಾನೇ ಮಾಡಿ ನೋಡಿದ್ದೆ. ಎರಡು ದಿನ ಆಯಿತು. ಮೂರನೇ ದಿನ ಬೀರುವಿಗೆ ಒರಗಿ ನಿಂತು ನೋಡುತ್ತಿದ್ದೆ, ಹೆಂಡತಿ ನೋಡಿ ನಕ್ಕಳು. ಪರದೆಯ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದರೆ ಚಟ ಹೋಗುತ್ತದೆ ಅಂತ ಯಾರೋ ಹೇಳಿದರು. ಅದನ್ನೂ ಮಾಡಿದೆ. ರಾಜ್‌ಕುಮಾರ್ ಕಾಲದ ಸಿನಿಮಾ ನೋಡಿ ಬೆಳೆದವನು ನಾನು, ಇನ್ನೂ ಚೆನ್ನಾಗಿ ಕಂಡಿತು.

ನನಗೆ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಕ್ಕಳಿಬ್ಬರೂ ಹೊರದೇಶ. ಇಲ್ಲಿ ಏನಾದರೂ ಬರೆದರೆ ಯಾರಾದರೂ ಬೈದಾದರೂ ಉತ್ತರ ಕೊಡುತ್ತಾರೆ. ಅದಕ್ಕೇ ನಾಲ್ಕೇ ನಿಮಿಷಕ್ಕೆ ಬರುವುದು.

ಕಾಂಡಿಮೆಂಟ್ಸ್ ಶೆಟ್ಟರು · ಮಂಗಳವಾರ, ಬೆಳಿಗ್ಗೆ 6:30

ಚಟ್ನಿಯವರೇ, ಅಂಗಡಿ ಹತ್ತಿರ ಬನ್ನಿ. ಸಂಜೆ ನಾಲ್ಕರ ಮೇಲೆ ಕಲ್ಲುಬೆಂಚಿನ ಮೇಲೆ ನಾಲ್ಕು ಜನ ಕೂತಿರುತ್ತಾರೆ. ಬೈಯುವವರು ಬೇಕಾದರೆ ಅವರೂ ಇದ್ದಾರೆ. ಬಾದಾಮಿ ಹಾಲು ನನ್ನ ಲೆಕ್ಕ.

ಮೂರನೇ ಮಹಡಿ · ಎರಡು ವಾರದ ನಂತರ, ಭಾನುವಾರ, ಸಂಜೆ 6:15

ಲೆಕ್ಕ ಒಪ್ಪಿಸಲು ಬಂದಿದ್ದೇನೆ.

ಮೊದಲು ಡಬ್ಬ ಹುಡುಕಿದೆ. ನಮ್ಮ ಕಟ್ಟಡದಲ್ಲಿ ಇಂಟರ್‌ಕಾಂ ಇದೆ, ಯಾರೂ ಬಳಸುವುದಿಲ್ಲ, ಮೇಲೆ ದೂಳು ಕೂತಿತ್ತು. ಸೆಕ್ಯೂರಿಟಿ ಅಣ್ಣನಿಗೆ ಹೇಳಿದೆ: ನೀರು ನಿಲ್ಲಿಸುವ ದಿನ, ಕರೆಂಟ್ ಕೆಲಸ ಇರುವ ದಿನ ಒಂದು ರಿಂಗ್ ಕೊಡಿ. ಅವರಿಗೆ ಖುಷಿಯೇ ಆಯಿತು. ಗುಂಪಿನ ಸದ್ದನ್ನು ಕಾಯಂ ಆಗಿ ಅಡಗಿಸಿ ಆರ್ಕೈವ್‌ಗೆ ಹಾಕಿದೆ. ಎರಡು ವಾರದಲ್ಲಿ ಇಂಟರ್‌ಕಾಂ ಒಂದೇ ಸಲ ಕೂಗಿತು. ಟ್ಯಾಂಕ್ ತೊಳೆಯುವುದಿತ್ತು. ಅಷ್ಟು ಹೊತ್ತಿಗೆ ಗುಂಪಿನಲ್ಲಿ 900ಕ್ಕೂ ಜಾಸ್ತಿ ಸಂದೇಶ ಬಂದಿತ್ತು. ಅದರಲ್ಲಿ ನನಗೆ ಬೇಕಾದ್ದು ಆ ಒಂದೇ.

ಆಫೀಸಿನ ಕರೆಗೂ ಹೀಗೇ. ಸರ್ವರ್ ಬಿದ್ದರೆ ಫೋನ್ ರಿಂಗ್ ಆಗುವ ಹಾಗೆ ಮಾಡಿಸಿಕೊಂಡೆ. ಮುಂಚೆ ಚಾಟ್ ನೋಡುತ್ತಾ ಕಾಯುತ್ತಿದ್ದೆ.

ಆಮೇಲೆ ಒಂದು ಗೊತ್ತಾಯಿತು. 163ರಲ್ಲಿ ಎಷ್ಟೋ ಸಲ ನಾನು ಫೋನ್ ಎತ್ತುತ್ತಿದ್ದದ್ದು ಗಂಟೆ ಎಷ್ಟು ಅಂತ ನೋಡಲು. ಗಂಟೆ ನೋಡುತ್ತಿದ್ದೆನಾ? ಇಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಇಟ್ಟು, ‘ಗಂಟೆ ಎಷ್ಟು?’ ಅಂತ ಮತ್ತೆ ಎತ್ತುತ್ತಿದ್ದೆ. ಅಪ್ಪನ ಹಳೇ ಎಚ್‌ಎಂಟಿ ವಾಚ್ ಡ್ರಾಯರ್‌ನಲ್ಲಿತ್ತು. ದಿನಾ ಕೀ ಕೊಡುವಂಥದ್ದು. ಗಾಂಧಿಬಜಾರಿನಲ್ಲಿ ರಿಪೇರಿ ಮಾಡಿಸಿದೆ. ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ, ಅಡ್ಡಿಯಿಲ್ಲ.

ಪೂರ್ತಿ ಗೆದ್ದೆ ಅಂತ ಹೇಳುವುದಿಲ್ಲ. ಹೋದ ಶುಕ್ರವಾರ ಮಾರತಹಳ್ಳಿ ಟ್ರಾಫಿಕ್‌ನಲ್ಲಿ ಕ್ಯಾಬ್‌ನಲ್ಲಿ ಕೂತು ಒಂದೂವರೆ ಗಂಟೆ ರೀಲ್ಸ್ ನೋಡಿದೆ. ಮನೆಗೆ ಬಂದ ಮೇಲೂ ಹಾಸಿಗೆಯಲ್ಲಿ ಮುಂದುವರಿಯಿತು. ನಿನ್ನೆಯ ಲೆಕ್ಕ 2 ಗಂಟೆ 50 ನಿಮಿಷ, 71 ಸಲ.

ಅಮ್ಮನಿಗೆ ಫೋನ್ ಮಾಡಿದೆ. ಹದಿಮೂರು ದಿನ ಮುಂದೂಡಿ ಆಮೇಲೆ.

‘ಅವತ್ತು ರೊಟ್ಟಿ ಮಾಡುವಾಗ ಏನೋ ಹೇಳುತ್ತಿದ್ದೆಯಲ್ಲ?’ ಅಂದೆ. ‘ಹಲಸಿನ ಮರದ್ದು’ ಅಂದರು. ಹಿತ್ತಲ ಹಲಸಿನ ಬೇರು ಬಚ್ಚಲಮನೆ ಗೋಡೆ ಎಬ್ಬಿಸಿತ್ತಂತೆ. ಮರದ ವ್ಯಾಪಾರಿ ಬಂದು ಕೇಳಿದ್ದನಂತೆ. ಕೊಡಲಾ ಅಂತ ನನ್ನನ್ನು ಕೇಳಿದ್ದರಂತೆ. ‘ನೀನು ಹೂಂ ಅಂದೆಯಲ್ಲ, ಬುಧವಾರ ಕಡಿದುಕೊಂಡು ಹೋದರು.’

ನಾನು ಹುಟ್ಟಿದ ವರ್ಷ ಅಪ್ಪ ನೆಟ್ಟ ಮರ. ನಾನು ಏನೂ ಹೇಳಲಿಲ್ಲ. ಅಮ್ಮನೇ ‘ಯಾಕೆ, ಬೇಡವಾಗಿತ್ತಾ?’ ಅಂದರು.

ಪರ್ಪಲ್ ಲೈನ್ · 6:22

ಅಯ್ಯೋ.

ಎರಡನೇ ಬೆಂಚು · 6:40

ಅಮ್ಮನಿಗೆ ನಿಜ ಹೇಳಿದಿರಾ?

ಮೂರನೇ ಮಹಡಿ · 6:44

ಹೇಳಿದೆ. ‘ಆ ಮೂರೂ ಹೂಂ ಫೋನಿಗೆ ಅಂದದ್ದಮ್ಮ, ನಿನಗಲ್ಲ’ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಇನ್ನು ಮೇಲೆ ನಿನ್ನ ಹೂಂ ನಂಬಲ್ಲ ಬಿಡು, ಬಾಯಿಬಿಟ್ಟು ಹೇಳು’ ಅಂದರು.

ಕಾಂಡಿಮೆಂಟ್ಸ್ ಶೆಟ್ಟರು · 7:05

ಯಾವ ಹಲಸು, ಗಟ್ಟಿ ತೊಳೆಯ ಬಕ್ಕೆಯಾ, ಮೆತ್ತನೆಯ ಅಂಬಲಿಯಾ?

ಮೂರನೇ ಮಹಡಿ · 7:06

ಬಕ್ಕೆ ಶೆಟ್ಟರೇ. ತೊಳೆ ಗಟ್ಟಿ, ಕೆಂಪುಛಾಯೆ. ಚೇಳೂರು ಸಂತೆಗೆ ಒಯ್ದರೆ ಮೊದಲು ಖಾಲಿಯಾಗುತ್ತಿದ್ದದ್ದು ನಮ್ಮ ಮರದ ಹಣ್ಣೇ.

ಗಟ್ಟಿ ಚಟ್ನಿ · 7:10

ನಾಲ್ಕು ನಿಮಿಷ ತಗೊಂಡೇ ಬರೆಯುತ್ತಿದ್ದೇನೆ, ಬೈಯಬೇಡಿ. ಶೆಟ್ಟರ ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದೇನೆ. ಇಲ್ಲೊಬ್ಬರು ತೋಟಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತರಾದವರು ಹೇಳುತ್ತಿದ್ದಾರೆ. ಬುಡ ಕಿತ್ತಿಲ್ಲದಿದ್ದರೆ ಹಲಸು ಚಿಗುರುತ್ತದಂತೆ. ಬುಡಕ್ಕೆ ಬೆಂಕಿ ಹಾಕಬೇಡಿ ಅಂತ ಹೇಳಿ ಊರಿಗೆ. ಗೋಡೆ ಕಡೆಯ ಬೇರು ಮಾತ್ರ ಕಡಿಸಿ ಅಂದರು.

ಮೂರನೇ ಮಹಡಿ · 7:31

ಈಗಷ್ಟೇ ಅಮ್ಮನಿಗೆ ಹೇಳಿದೆ. ಬುಡ ಇದೆಯಂತೆ. ‘ಚಿಗುರಿದರೆ ಪಕ್ಕದ ಮನೆ ಹುಡುಗನ ಕೈಯಲ್ಲಿ ಫೋಟೊ ಕಳಿಸುತ್ತೀನಿ’ ಅಂದರು. ಫೋಟೊ ಬೇಡ, ಫೋನ್ ಮಾಡಮ್ಮ ಅಂದೆ.